ತಕ್ಕಡಿಗೆ ಸೀಲಿದೆ, ತೂಗುವ ಕಲ್ಲು ಯಾರದ್ದು?

ಬೆಳಗಿನ ಏಳೂವರೆ ಗಂಟೆಗೆ ಅಬ್ಬಿಗೆರೆ ಮುಖ್ಯರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತವರಿಗೆ ತಮ್ಮ ಬಸ್ಸು ಬರುವ ಮುಂಚೆ ಕಣ್ಣಿಗೆ ಬೀಳುವುದು ಕಾಲೇಜು ಬಸ್ಸುಗಳ ಮೆರವಣಿಗೆ. ಒಂದು ಚಿಕ್ಕಬಾಣಾವರದ ಕಡೆ, ಇನ್ನೊಂದು ಹೆಸರಘಟ್ಟ ರಸ್ತೆಯ ಕಡೆ, ಮತ್ತೊಂದು ಯಲಹಂಕದ ಕಡೆ. ಪ್ರತಿಯೊಂದರ ಬೆನ್ನ ಮೇಲೂ ದಪ್ಪಕ್ಷರದ ಬರಹ: ಎ.ಐ.ಸಿ.ಟಿ.ಇ. ಅನುಮೋದಿತ, ವಿ.ಟಿ.ಯು. ಸಂಯೋಜಿತ, ನ್ಯಾಕ್ ಮಾನ್ಯತೆ, ಎನ್.ಬಿ.ಎ. ಮಾನ್ಯತೆ. ಓದಿದವರಿಗೆ ಕಾಲೇಜಿನ ಹೆಸರು ಮರೆತುಹೋಗಬಹುದು, ಮಾನ್ಯತೆಯ ಪಟ್ಟಿ ಮಾತ್ರ ಮರೆಯುವುದಿಲ್ಲ.

ಪ್ರತಿ ವರ್ಷ ಸಿ.ಇ.ಟಿ. ಫಲಿತಾಂಶ ಹೊರಬಿದ್ದು, ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದವರು ಸೀಟು ಹಂಚಲು ಕುಳಿತಾಗ, ಇದೇ ಪಟ್ಟಿ ಹಿಡಿದುಕೊಂಡು ಅಬ್ಬಿಗೆರೆ, ಶೆಟ್ಟಿಹಳ್ಳಿ, ಕಮ್ಮಗೊಂಡನಹಳ್ಳಿಯ ತಂದೆತಾಯಂದಿರು ತಲೆ ಕೆರೆದುಕೊಳ್ಳುತ್ತಾರೆ. "ಏನಣ್ಣ, ಮಗಳಿಗೆ ಯಾವ ಕಾಲೇಜು ಬರೆಸಿದೆ?" ಅಂತ ಒಬ್ಬರು ಕೇಳಿದರೆ, "ಅಟಾನಮಸ್ಸೇ ಬರೆಸಿದೀನಿ ಕಣಪ್ಪ, ಅಲ್ಲಿ ಪಾಸಾಗೋದು ಸಲೀಸಂತೆ" ಅಂತ ಇನ್ನೊಬ್ಬರು. "ಅಯ್ಯೋ, ನಮ್ಮ ಹುಡುಗ ಅಟಾನಮಸ್ಸಲ್ಲೇ ಇರೋದು. ಪೇಪರು ಕಲ್ಲು ಇದ್ದ ಹಾಗಿರುತ್ತೆ ಅಂತಾನೆ" ಅಂತ ಮೂರನೆಯವರು. ಮೂವರ ಮಾತೂ ನಿಜವಿರಬಹುದು. ಸಮಸ್ಯೆ ಇರುವುದೇ ಅಲ್ಲಿ.

ಮೂವರ ಮಕ್ಕಳಿಗೂ ಕೊನೆಗೆ ಸಿಗುವುದು ಒಂದೇ ವಿಶ್ವವಿದ್ಯಾಲಯದ ಪದವಿ. ಹೆಸರು ಒಂದು, ಮೊಹರು ಒಂದು. ಆದರೆ ಆ ಪದವಿಗಾಗಿ ಬರೆದ ಪರೀಕ್ಷೆ ಒಂದೇ ಅಲ್ಲ, ಅದರ ಬಿಗುವೂ ಒಂದೇ ಅಲ್ಲ. ಮಾನ್ಯತೆ ಎಂಬ ವ್ಯವಸ್ಥೆ ಈ ವ್ಯತ್ಯಾಸವನ್ನು ತಗ್ಗಿಸುತ್ತಿದೆಯೋ, ಹೆಚ್ಚಿಸುತ್ತಿದೆಯೋ ಎಂಬ ಪ್ರಶ್ನೆಯನ್ನು ಸಂಬಂಧಪಟ್ಟವರು ಇನ್ನಾದರೂ ಎತ್ತಿಕೊಳ್ಳಬೇಕಾಗಿದೆ.

ಮೂರು ಮೊಹರು, ಮೂರು ಅರ್ಥ

ಮೊದಲು ಬಸ್ಸಿನ ಬೆನ್ನ ಮೇಲಿನ ಬರಹವನ್ನು ಬಿಡಿಸಿ ನೋಡೋಣ. ಬಹುತೇಕ ಜನ ಇವೆಲ್ಲ ಒಂದೇ ಅಂದುಕೊಂಡಿದ್ದಾರೆ. ಅಲ್ಲ.

ಎ.ಐ.ಸಿ.ಟಿ.ಇ. ಕೊಡುವುದು ಅನುಮತಿ. ಜಾಗ, ಕಟ್ಟಡ, ಸೀಟಿನ ಸಂಖ್ಯೆ ನೋಡಿ "ಕಾಲೇಜು ನಡೆಸಬಹುದು" ಎನ್ನುವ ಪರವಾನಗಿ ಅದು. 1945ರಲ್ಲಿ ಹುಟ್ಟಿದ ಈ ಮಂಡಳಿಗೆ ಕಾಯಿದೆಯ ಬಲ ಬಂದದ್ದು 1987ರಲ್ಲಿ. ಅಂಗಡಿಗೆ ಟ್ರೇಡ್ ಲೈಸೆನ್ಸ್ ಇದ್ದಂತೆ ಎಂದುಕೊಂಡರೆ ತಪ್ಪಾಗದು. ಲೈಸೆನ್ಸ್ ಇರುವ ಅಂಗಡಿಯೆಲ್ಲ ಒಳ್ಳೆ ಮಾಲು ಮಾರುತ್ತದೆಂದು ಯಾರೂ ಹೇಳುವುದಿಲ್ಲ.

ವಿ.ಟಿ.ಯು. ಕೊಡುವುದು ಸಂಯೋಜನೆ, ಅಂದರೆ "ನಿಮ್ಮ ಹುಡುಗರಿಗೆ ನಾವು ಪದವಿ ಕೊಡುತ್ತೇವೆ" ಎಂಬ ಒಪ್ಪಿಗೆ.

ಮೂರನೆಯದೇ ಮಾನ್ಯತೆ, ಅಕ್ರೆಡಿಟೇಷನ್. ಇದನ್ನು ಕೊಡುವ ಸಂಸ್ಥೆಗಳು ಎರಡು. ನ್ಯಾಕ್ ಹುಟ್ಟಿದ್ದು 1994ರಲ್ಲಿ, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಅದು ಇಡೀ ಕಾಲೇಜನ್ನು ನೋಡಿ ಗ್ರೇಡು ಕೊಡುತ್ತದೆ. ಎನ್.ಬಿ.ಎ. ಹುಟ್ಟಿದ್ದೂ 1994ರಲ್ಲೇ, ಎ.ಐ.ಸಿ.ಟಿ.ಇ.ಯ ಮಡಿಲಲ್ಲಿ, 2010ರಲ್ಲಿ ಸ್ವತಂತ್ರವಾಯಿತು. ಅದು ಕಾಲೇಜನ್ನಲ್ಲ, ಒಂದೊಂದು ಬ್ರಾಂಚನ್ನು ಬೇರೆಬೇರೆಯಾಗಿ ನೋಡುತ್ತದೆ. ಮೆಕ್ಯಾನಿಕಲ್ಲಿಗೆ ಮಾನ್ಯತೆ ಇದ್ದು ಸಿವಿಲ್ಲಿಗೆ ಇಲ್ಲದಿರಬಹುದು. ಎರಡು ತಂಡ ಓದು ಮುಗಿಸಿ ಹೊರಬರುವವರೆಗೆ ಹೊಸ ಬ್ರಾಂಚು ಅರ್ಜಿಯನ್ನೇ ಹಾಕುವಂತಿಲ್ಲ. ಹೀಗಿರುವಾಗ ನಿನ್ನೆ ಮೊನ್ನೆ ತೆರೆದ ಬ್ರಾಂಚಿಗೆ ಸೇರುವ ಹುಡುಗನ ತಂದೆ ಬೋರ್ಡಿನ ಮೇಲಿನ ಎನ್.ಬಿ.ಎ. ಅಕ್ಷರ ನೋಡಿ ಸಮಾಧಾನಪಟ್ಟುಕೊಂಡರೆ ಆ ಸಮಾಧಾನಕ್ಕೆ ಆಧಾರವಿಲ್ಲ.

ಒಂದಾಗಿದ್ದು, ಮತ್ತೆ ಹಂಚಿಹೋಗಿದ್ದು

ಇಂಜಿನಿಯರಿಂಗ್ ಶಿಕ್ಷಣ ಈ ನಾಡಿಗೆ ಹೊಸದೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಕಾಲೇಜು ಬಂತು. 1946ರಲ್ಲಿ ದೇಶದ ಮೊದಲ ಖಾಸಗಿ ಇಂಜಿನಿಯರಿಂಗ್ ಕಾಲೇಜು ಎನ್ನಿಸಿಕೊಂಡ ಬಿ.ಎಂ.ಎಸ್. ಬಂತು. ಆಮೇಲೆ ಊರೂರಿಗೂ ಕಾಲೇಜು. ಕ್ಯಾಪಿಟೇಷನ್ ಹಾವಳಿ ತಾಳಲಾರದೆ 1984ರಲ್ಲಿ ರಾಜ್ಯ ಸರ್ಕಾರ ನಿಷೇಧದ ಕಾಯಿದೆಯನ್ನೇ ತರಬೇಕಾಯಿತು.

ಆಗ ಈ ಕಾಲೇಜುಗಳೆಲ್ಲ ಬೇರೆಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದವು. ಬೆಂಗಳೂರಿನದು ಒಂದು ಪತ್ರಿಕೆ, ಮೈಸೂರಿನದು ಇನ್ನೊಂದು, ಧಾರವಾಡದ್ದು ಮತ್ತೊಂದು. ಈ ಚದುರಿದ ವ್ಯವಸ್ಥೆಯನ್ನೆಲ್ಲ ಒಂದೇ ಛತ್ರಿಯಡಿ ತರಲು 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂದು ಅದರಡಿ 200ಕ್ಕೂ ಹೆಚ್ಚು ಕಾಲೇಜುಗಳಿವೆ. ಬೀದರಿನ ಹುಡುಗನಿಗೂ ಚಾಮರಾಜನಗರದ ಹುಡುಗಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಐದು ಘಟಕ, ಘಟಕಕ್ಕೆ ಎರಡು ಪ್ರಶ್ನೆ, ಒಂದಕ್ಕೆ ಉತ್ತರ ಬರೆಯಲೇಬೇಕು. ಯಾವ ಘಟಕವನ್ನೂ ಹಾರಿಸುವಂತಿಲ್ಲ. ಉತ್ತರ ಪತ್ರಿಕೆ ಯಾರ ಕೈಗೆ ಹೋಗುತ್ತದೆಂದು ಕಾಲೇಜಿಗೆ ಗೊತ್ತಿರುವುದಿಲ್ಲ. ಈ ಪದ್ಧತಿಯಲ್ಲಿ ಹುಳುಕಿಲ್ಲವೆಂದಲ್ಲ. ಫಲಿತಾಂಶ ತಡ, ಮರುಮೌಲ್ಯಮಾಪನದ ಗೋಳು, ಹಳೇ ಪಠ್ಯ ಎಂಬ ದೂರುಗಳು ಇದ್ದೇ ಇವೆ. ಆದರೆ ತೂಗುವ ಕಲ್ಲು ಮಾತ್ರ ಒಂದೇ ಆಗಿತ್ತು.

ಈಗ ಆ ಕಲ್ಲು ಒಡೆದು ಹಂಚಿಹೋಗಿದೆ. ನ್ಯಾಕ್‌ನಲ್ಲಿ ಒಳ್ಳೆ ಗ್ರೇಡು ಪಡೆದ, ಅಥವಾ ಬ್ರಾಂಚುಗಳಿಗೆ ಎನ್.ಬಿ.ಎ. ಮಾನ್ಯತೆ ಪಡೆದ ಕಾಲೇಜು ಯು.ಜಿ.ಸಿ.ಯಿಂದ ಸ್ವಾಯತ್ತತೆ ಕೇಳಬಹುದು. ಸಿಕ್ಕಿದರೆ ಪಠ್ಯ ಅದರದ್ದೇ, ಪ್ರಶ್ನೆಪತ್ರಿಕೆ ಅದರದ್ದೇ, ಮೌಲ್ಯಮಾಪನ ಅದರದ್ದೇ. ಪದವಿ ಮಾತ್ರ ವಿ.ಟಿ.ಯು. ಹೆಸರಿನದು. ಅಂದರೆ ಮಾನ್ಯತೆ ಬರೀ ಗೋಡೆಗೆ ತೂಗುಹಾಕುವ ಸರ್ಟಿಫಿಕೇಟಲ್ಲ. ಪರೀಕ್ಷೆಯ ಬೀಗದ ಕೈಯನ್ನೇ ಕಾಲೇಜಿಗೆ ಒಪ್ಪಿಸುವ ಕಾಗದ. 1998ರಲ್ಲಿ ಒಂದಾದದ್ದು ಹೀಗೆ ಸದ್ದಿಲ್ಲದೆ ಮತ್ತೆ ಹತ್ತಾರು ಪಾಲಾಗುತ್ತಿದೆ.

ಸ್ವಾಯತ್ತತೆ ಇಲ್ಲದ ಕಾಲೇಜಿನ ಕಥೆಯೂ ಪೂರ್ತಿ ಬೇರೆಯಲ್ಲ. 2015ರ ಪದ್ಧತಿಯಲ್ಲಿ ನೂರಕ್ಕೆ 20 ಅಂಕ ಕಾಲೇಜಿನ ಕೈಯಲ್ಲಿತ್ತು, 80 ವಿಶ್ವವಿದ್ಯಾಲಯದ್ದು. 2018ರ ಪದ್ಧತಿಯಲ್ಲಿ ಅದು 40 ಮತ್ತು 60 ಆಯಿತು. 2021ರ ಪದ್ಧತಿಯಿಂದ ಈಚೆಗೆ 50 ಮತ್ತು 50. ವರ್ಷವಿಡೀ ಓದಿಸಿ, ವರ್ಷವಿಡೀ ಪರೀಕ್ಷಿಸಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಅರ್ಧ ತಕ್ಕಡಿ ಅಂಗಡಿಯವನ ಕೈಗೇ ಬಂದಮೇಲೆ ಮೇಲ್ವಿಚಾರಣೆಯೂ ಅಷ್ಟೇ ಹೆಚ್ಚಬೇಕಿತ್ತಲ್ಲವೆ?

ಸೀಲು ಹಾಕುವವರು ನೋಡುವುದೇನು?

ಅಂಗಡಿ ಇಟ್ಟವರಿಗೆಲ್ಲ ತೂಕ ಮತ್ತು ಅಳತೆ ಇಲಾಖೆ ಗೊತ್ತು. ಕಾಲಕಾಲಕ್ಕೆ ತಕ್ಕಡಿ, ಕಲ್ಲು ತೋರಿಸಿ ಸೀಲು ಹಾಕಿಸಿಕೊಳ್ಳಬೇಕು. ಇಲಾಖೆಯವರು ಮಾಡುವ ಕೆಲಸ ಸರಳ. ಅಂಗಡಿಯ ಕಲ್ಲನ್ನು ತಮ್ಮ ಸರ್ಕಾರಿ ಕಲ್ಲಿನ ಎದುರಿಗಿಟ್ಟು ತೂಗಿ ನೋಡುತ್ತಾರೆ. ಅಂಗಡಿ ಎಷ್ಟು ಚೊಕ್ಕಟವಾಗಿದೆ, ಎಷ್ಟು ಟ್ಯೂಬ್‌ಲೈಟು ಉರಿಯುತ್ತಿದೆ, ಲೆಕ್ಕದ ಪುಸ್ತಕಕ್ಕೆ ಬೈಂಡು ಹಾಕಿಸಿದೆಯೇ ಎಂದು ನೋಡಿ ಕಲ್ಲಿಗೆ ಸೀಲು ಒತ್ತಿ ಹೋಗುವುದಿಲ್ಲ.

ಎನ್.ಬಿ.ಎ. ತಂಡ ಬಂದಾಗ ನಡೆಯುವುದು ಬಹುಪಾಲು ಎರಡನೆಯದು. 2016ರ ನಮೂನೆಯಲ್ಲಿ ಹತ್ತು ಮಾನದಂಡ, ಒಟ್ಟು 1000 ಅಂಕ. ಅಧ್ಯಾಪಕರಿಗೆ 200. ಉಳಿದದ್ದು ಪ್ರಯೋಗಾಲಯ, ಆಡಳಿತ, ವಿದ್ಯಾರ್ಥಿ ಸೌಲಭ್ಯ, ಸುಧಾರಣೆ, ಹೀಗೆ ಹಂಚಿದೆ. ಪ್ರಶ್ನೆಪತ್ರಿಕೆಯ ಗುಣಮಟ್ಟಕ್ಕೆಂದೇ ಇಟ್ಟ ಪಾಲು ಅದರಲ್ಲಿ ತೀರ ಸಣ್ಣದು. ತಂಡ ಬಂದು ಇರುವುದು ಮೂರು ದಿನ. ಆ ಮೂರು ದಿನಕ್ಕಾಗಿ ಅಧ್ಯಾಪಕರು ತಿಂಗಳುಗಟ್ಟಲೆ ಫೈಲು ಕಟ್ಟುತ್ತಾರೆ. ಪಾಠ ಮಾಡಬೇಕಾದ ಮೇಷ್ಟರು ಗುಮಾಸ್ತರಾಗುತ್ತಾರೆ.

ಇನ್ನು ಇಂದಿನ ಮಾನ್ಯತೆಯ ಜೀವಾಳ ಎನ್ನಲಾಗುವ 'ಫಲಿತ'ದ ಲೆಕ್ಕ. ಓದು ಮುಗಿಸಿದ ಹುಡುಗನಿಗೆ ಏನೇನು ಬರಬೇಕು ಎಂದು ಮೊದಲೇ ಪಟ್ಟಿ ಮಾಡಿ, ಅದು ಎಷ್ಟರಮಟ್ಟಿಗೆ ಬಂತು ಎಂದು ಅಳೆಯಬೇಕಂತೆ. ಕೇಳಲು ಸೊಗಸಾಗಿದೆ. ಆದರೆ ಗುರಿಯನ್ನು ಇಟ್ಟುಕೊಳ್ಳುವುದು ಕಾಲೇಜೇ. ಪ್ರಶ್ನೆ ತೆಗೆಯುವುದು ಕಾಲೇಜೇ. ತಿದ್ದುವುದು ಕಾಲೇಜೇ. ಗುರಿ ಮುಟ್ಟಿತೆಂದು ಲೆಕ್ಕ ಬರೆಯುವುದೂ ಕಾಲೇಜೇ. ಪ್ರಶ್ನೆಯ ಪಕ್ಕದಲ್ಲಿ ಇದು ಇಷ್ಟನೇ ಮಟ್ಟದ್ದು ಎಂದು ಗುರುತು ಹಾಕುವ ಪದ್ಧತಿಯೂ ಬಂದಿದೆ. ಆ ಗುರುತು ಹಾಕುವವರು ಪ್ರಶ್ನೆ ತೆಗೆದವರೇ. ಬಂದ ತಂಡ ನೋಡುವುದು ಲೆಕ್ಕ ಸರಿಯಾಗಿ ಕೂಡಿಸಿದೆಯೇ ಎಂಬುದನ್ನು.

ಇದರಲ್ಲಿ ಒಂದು ವಿಪರ್ಯಾಸವಿದೆ. ಸ್ವಾಯತ್ತತೆ ಇಲ್ಲದ ಕಾಲೇಜನ್ನು ತಪಾಸಣೆ ಮಾಡುವಾಗ ಅಲ್ಲಿನ ಹುಡುಗರ ಅಂಕವನ್ನು ವಿಶ್ವವಿದ್ಯಾಲಯದ ಸರಾಸರಿಯ ಜೊತೆ ಹೋಲಿಸುವ ದಾರಿಯಾದರೂ ಇದೆ. ಸ್ವಾಯತ್ತ ಕಾಲೇಜಿಗೆ ಅಂಥ ಹೊರಗಿನ ಅಳತೆಗೋಲು ಇಲ್ಲ. ಆದರೆ ಪರದೇಶದಲ್ಲಿ ಬೆಲೆ ಇರುವುದು ಅದರ ಮಾನ್ಯತೆಗೇ! ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಮೊದಲಾದ ಆರು ದೇಶಗಳು 1989ರಲ್ಲಿ ಮಾಡಿಕೊಂಡ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯವಾಯಿತು. ಒಬ್ಬರು ಮಾನ್ಯ ಮಾಡಿದ ಪದವಿಯನ್ನು ಇನ್ನೊಬ್ಬರು ಸರಿಸಮ ಎಂದು ಒಪ್ಪುವ ಒಪ್ಪಂದ ಅದು. ಆದರೆ ಎನ್.ಬಿ.ಎ. ಮಾನ್ಯತೆಯಲ್ಲಿ ಎರಡು ಶ್ರೇಣಿ ಇದ್ದು, ಒಪ್ಪಂದದ ಲಾಭ ಸಿಗುವುದು ಮೊದಲ ಶ್ರೇಣಿಗೆ, ಅಂದರೆ ಸ್ವಾಯತ್ತ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಬ್ರಾಂಚುಗಳಿಗೆ ಮಾತ್ರ. ಸಾಮಾನ್ಯ ಸಂಯೋಜಿತ ಕಾಲೇಜುಗಳದ್ದು ಎರಡನೇ ಶ್ರೇಣಿ. ಇದನ್ನು ಯಾವ ಬಸ್ಸಿನ ಬೆನ್ನ ಮೇಲೂ ಬರೆದಿರುವುದಿಲ್ಲ. ಸಾಲ ಸೋಲ ಮಾಡಿ ಮಗನನ್ನು ಆಸ್ಟ್ರೇಲಿಯಾಕ್ಕೆ ಕಳಿಸುವ ಕನಸು ಕಾಣುವ ತಂದೆಗೆ ಇದು ತಿಳಿಯುವುದು ಕೈ ಮೀರಿದ ಮೇಲೆ.

ನಿಯತ್ತಿಗೆ ನಷ್ಟ

ಮಾನ್ಯತೆಯ ಲೆಕ್ಕದಲ್ಲಿ ಎಷ್ಟು ಹುಡುಗರು ಒಂದೂ ವಿಷಯ ಉಳಿಸಿಕೊಳ್ಳದೆ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬುದಕ್ಕೂ ಅಂಕಗಳಿವೆ. ಈಗ ಎರಡು ಕಾಲೇಜುಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಬಿಗಿ ಪತ್ರಿಕೆ, ಕಲಿಯದವನು ಫೇಲು. ಇನ್ನೊಂದರಲ್ಲಿ ಪರೀಕ್ಷೆಗೆ ವಾರ ಮುಂಚೆ 'ಮುಖ್ಯ ಪ್ರಶ್ನೆ'ಗಳ ಪಟ್ಟಿ, ಪರೀಕ್ಷೆಯಲ್ಲಿ ಅದೇ ಪ್ರಶ್ನೆ. ಮಾನ್ಯತೆಯ ಲೆಕ್ಕದಲ್ಲಿ ಮುಂದೆ ನಿಲ್ಲುವುದು ಯಾವುದು? ಕಂಪನಿಯವರು ಇಷ್ಟು ಅಂಕದ ಮೇಲಿದ್ದವರು ಮಾತ್ರ ಬನ್ನಿ ಎಂದು ಗೆರೆ ಹಾಕಿದಾಗ ಒಳಗೆ ಹೋಗುವುದು ಯಾರ ಹುಡುಗರು? ಮರುವರ್ಷ ಸೀಟು ತುಂಬುವುದು ಯಾರದ್ದು? ಬಿಗಿಯಾಗಿ ತೂಗಿದವನಿಗೆ ನಷ್ಟ, ಸಡಿಲವಾಗಿ ತೂಗಿದವನಿಗೆ ಲಾಭ ಎಂದಾದರೆ ಪೇಟೆಯಲ್ಲಿ ಕೊನೆಗೆ ಉಳಿಯುವುದು ಯಾವ ಕಲ್ಲು ಎಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ.

ಸ್ವಾಯತ್ತ ಕಾಲೇಜುಗಳೆಲ್ಲ ಸಡಿಲ ಎಂದು ಇದರರ್ಥವಲ್ಲ. ಪಠ್ಯವನ್ನು ಕಾಲಕ್ಕೆ ತಕ್ಕಂತೆ ಬದಲಾಯಿಸಿ, ವಿ.ಟಿ.ಯು. ಪತ್ರಿಕೆಗಿಂತ ಕಠಿಣವಾದ ಪತ್ರಿಕೆ ಕೊಡುವ ಕಾಲೇಜುಗಳೂ ಉಂಟು. ಅನ್ಯಾಯವಾಗುವುದು ಅಲ್ಲಿನ ಹುಡುಗರಿಗೇ. ಅಲ್ಲಿ ಕಷ್ಟಪಟ್ಟು ಏಳು ತೆಗೆದವನು, ಇನ್ನೆಲ್ಲೋ ಸಲೀಸಾಗಿ ಒಂಬತ್ತು ತೆಗೆದವನ ಮುಂದೆ ತಲೆ ತಗ್ಗಿಸಬೇಕು.

ಇದರ ಬಿಸಿ ತಟ್ಟುವುದು ದೊಡ್ಡ ಕಂಪನಿಗಳಿಗಿಂತ ಹೆಚ್ಚಾಗಿ ಅಬ್ಬಿಗೆರೆಯಂಥ ಕಡೆಗೆ. ದೊಡ್ಡ ಕಂಪನಿ ತನ್ನದೇ ಪರೀಕ್ಷೆ ಇಟ್ಟು, ತಿಂಗಳುಗಟ್ಟಲೆ ತರಬೇತಿ ಕೊಟ್ಟುಕೊಳ್ಳುತ್ತದೆ. ಅಬ್ಬಿಗೆರೆ, ಪೀಣ್ಯದ ಸಣ್ಣ ಶೆಡ್ಡುಗಳ ಮಾಲೀಕರು ಏನು ಮಾಡಬೇಕು? ನಾಲ್ಕು ಲೇತು, ಒಂದು ಸಿ.ಎನ್.ಸಿ. ಇಟ್ಟುಕೊಂಡವನು ಇಂಜಿನಿಯರನ್ನು ತೆಗೆದುಕೊಂಡರೆ ಮರುದಿನವೇ ಅವನು ಡ್ರಾಯಿಂಗ್ ಓದಬೇಕು, ಅಳತೆ ಹಿಡಿಯಬೇಕು. ಅಂಕಪಟ್ಟಿಯ ಮೇಲೆ ನಂಬಿಕೆ ಹೋದರೆ ಆತ ಪದವಿಯನ್ನೇ ಬದಿಗಿಟ್ಟು, ಐ.ಟಿ.ಐ. ಆದ ಹುಡುಗನೇ ಸಾಕು ಎನ್ನುತ್ತಾನೆ. ಆಗ ಮುಳುಗುವುದು ಬ್ಯಾಂಕು ಸಾಲ ತಂದು ನಾಲ್ಕು ವರ್ಷ ಓದಿದ ಪ್ರಾಮಾಣಿಕ ಹುಡುಗ. 1950ರ ದಶಕದಲ್ಲಿ ಜಾಲಹಳ್ಳಿಗೆ ಎಚ್.ಎಂ.ಟಿ., ಬಿ.ಇ.ಎಲ್. ಬಂದಾಗಿನಿಂದ ಈ ಕಡೆಯ ಜನರಿಗೆ ಇಂಜಿನಿಯರ್ ಎಂಬ ಪದದ ಮೇಲೆ ಒಂದು ಗೌರವವಿದೆ. ಅದನ್ನು ಕಳೆಯುವುದು ಸುಲಭ, ಮರಳಿ ಗಳಿಸುವುದು ಕಷ್ಟ.

ಸೀಲಿನ ಮೇಲೂ ಕಪ್ಪುಚುಕ್ಕೆ

ಸೀಲು ಹಾಕುವವರ ಕೈ ಸದಾ ಶುದ್ಧವಾಗಿದೆ ಎಂದೂ ಹೇಳುವಂತಿಲ್ಲ. 2025ರ ಫೆಬ್ರವರಿಯಲ್ಲಿ, ಆಂಧ್ರದ ಗುಂಟೂರು ಕಡೆಯ ಸಂಸ್ಥೆಯೊಂದಕ್ಕೆ ಒಳ್ಳೆ ಗ್ರೇಡು ಕೊಡಲು ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದ ಅಧ್ಯಕ್ಷರನ್ನೂ ಸದಸ್ಯರನ್ನೂ ಸಿ.ಬಿ.ಐ. ಬಂಧಿಸಿತು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯದ ಮಾತು. ಆದರೆ ಕೆಲವೇ ದಿನದ ಭೇಟಿಗೆ ಇಷ್ಟೊಂದು ಬೆಲೆ ಕಟ್ಟಿದರೆ ಆ ದಿನಗಳ ಮೇಲೆ ಎಲ್ಲರ ಕಣ್ಣೂ ಬೀಳುವುದು ಸಹಜ ಎಂಬ ಪಾಠವನ್ನಂತೂ ಈಗಲೇ ಕಲಿಯಬಹುದು.

ಹಾಗೆಂದು ಮಾನ್ಯತೆಯೇ ಬೇಡ ಎಂದರೆ ಎಡವಟ್ಟಾದೀತು. ತಪಾಸಣೆ ಬರುತ್ತದೆಂಬ ಭಯಕ್ಕಾದರೂ ಎಷ್ಟೋ ಕಡೆ ಪ್ರಯೋಗಾಲಯಕ್ಕೆ ಯಂತ್ರ ಬಂದಿದೆ, ಗ್ರಂಥಾಲಯಕ್ಕೆ ಪುಸ್ತಕ ಬಂದಿದೆ, ಅಧ್ಯಾಪಕರ ನೇಮಕವಾಗಿದೆ. ಅದು ಹಾಕುವ ನೆಲಗಟ್ಟು ಬೇಕೇ ಬೇಕು. ಆದರೆ ನೆಲಗಟ್ಟನ್ನು ತೋರಿಸಿ ಇದೇ ಮನೆ ಎನ್ನಬಾರದು.

ಬೇರೆಯವರು ಏನು ಮಾಡುತ್ತಾರೆ?

ಅಮೆರಿಕದಲ್ಲಿ 1932ರಿಂದಲೂ ಇಂಜಿನಿಯರಿಂಗ್ ಪದವಿಗಳನ್ನು ಪರಿಶೀಲಿಸುವ ಸಂಸ್ಥೆಯಿದೆ. ಅಲ್ಲಿಯೂ ಪ್ರತಿ ಕಾಲೇಜು ತನ್ನದೇ ಪರೀಕ್ಷೆ ನಡೆಸುತ್ತದೆ. ಆದರೆ ಲೈಸೆನ್ಸು ಪಡೆದ ಇಂಜಿನಿಯರ್ ಆಗಬೇಕಾದವನು ದೇಶಕ್ಕೆಲ್ಲ ಸಮಾನವಾದ ಪರೀಕ್ಷೆಯನ್ನು ಹೊರಗೆ ಬರೆಯಬೇಕು. ಬ್ರಿಟನ್ನಿನಲ್ಲಿ ಒಂದು ವಿಶ್ವವಿದ್ಯಾಲಯದ ಪತ್ರಿಕೆ ಮತ್ತು ಅಂಕಗಳನ್ನು ಇನ್ನೊಂದು ವಿಶ್ವವಿದ್ಯಾಲಯದ ಅಧ್ಯಾಪಕರು ಬಂದು ನೋಡುವ ಹೊರಗಿನ ಪರೀಕ್ಷಕರ ಪದ್ಧತಿ ಹಳೆಯದು.

ಅಷ್ಟು ದೂರ ಹೋಗುವುದೂ ಬೇಡ. ಅಂಗಡಿಯ ಲೆಕ್ಕ ನೋಡುವ ಆಡಿಟರ್ ಎಲ್ಲೇ ಓದಿರಲಿ, ಸಿ.ಎ. ಎನಿಸಿಕೊಳ್ಳಲು ಇಡೀ ದೇಶಕ್ಕೆ ಒಂದೇ ಪರೀಕ್ಷೆ ಬರೆದಿರುತ್ತಾರೆ. ವಕೀಲರಿಗೂ 2011ರಿಂದ ಅಖಿಲ ಭಾರತ ಪರೀಕ್ಷೆ ಬಂದಿದೆ. ಸೇತುವೆ ಕಟ್ಟುವ, ಲಿಫ್ಟು ಕೂರಿಸುವ ಇಂಜಿನಿಯರಿಗೆ ಮಾತ್ರ ಕಾಲೇಜಿನ ಮಾತೇ ಕೊನೆ ಮಾತು. ಗೇಟ್ ಪರೀಕ್ಷೆ ಇದೆ ನಿಜ. ಅದು ಮುಂದೆ ಓದುವವರಿಗೆ ಮತ್ತು ಕೆಲವು ಸರ್ಕಾರಿ ಉದ್ಯಮಗಳಲ್ಲಿ ಕೆಲಸ ಹುಡುಕುವವರಿಗೆ, ಎಲ್ಲರಿಗೂ ಅಲ್ಲ.

ಮಾಡಬೇಕಾದ್ದು

ಇದಕ್ಕೆ ಕೋಟಿಗಟ್ಟಲೆ ಹಣವಾಗಲಿ ಹೊಸ ಕಾಯಿದೆಯಾಗಲಿ ಬೇಕಿಲ್ಲ. ಮನಸ್ಸು ಬೇಕು.

ಒಂದು: ವಿ.ಟಿ.ಯು. ತನ್ನಡಿಯ ಎಲ್ಲ ಸ್ವಾಯತ್ತ ಕಾಲೇಜುಗಳ ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆ ಮುಗಿದ ಕೂಡಲೇ ಒಂದೇ ಕಡೆ ಬಹಿರಂಗಪಡಿಸಲಿ. ಕಾಲೇಜಿನ ಮಂಡಳಿಗಳಲ್ಲಿ ವಿಶ್ವವಿದ್ಯಾಲಯದ ಪ್ರತಿನಿಧಿಗಳು ಇರುತ್ತಾರೆ ಎಂಬ ಉತ್ತರ ಸಾಲದು. ಮುಚ್ಚಿದ ಕೋಣೆಯ ಒಬ್ಬ ಪ್ರತಿನಿಧಿಗಿಂತ ಸಾವಿರ ಜನರ ಕಣ್ಣಿಗೆ ಬಿದ್ದ ಪತ್ರಿಕೆ ಮೇಲು.

ಎರಡು: ಪ್ರತಿ ಬ್ರಾಂಚಿನಲ್ಲಿ ಎರಡೋ ಮೂರೋ ಬುನಾದಿ ವಿಷಯಗಳಿಗಾದರೂ, ಸ್ವಾಯತ್ತ ಇರಲಿ ಇಲ್ಲದಿರಲಿ, ಎಲ್ಲ ಕಾಲೇಜಿಗೂ ಒಂದೇ ಪತ್ರಿಕೆ ಇರಲಿ. ಅದೇ ಸರ್ಕಾರಿ ಕಲ್ಲು. ಮಿಕ್ಕ ವಿಷಯಗಳಲ್ಲಿ ಕಾಲೇಜಿನ ಸ್ವಾತಂತ್ರ್ಯ ಕಾಲೇಜಿಗಿರಲಿ.

ಮೂರು: ಪ್ರತಿ ಕಾಲೇಜಿನ ಒಳ ಅಂಕದ ಸರಾಸರಿ ಮತ್ತು ಅಂತಿಮ ಪರೀಕ್ಷೆಯ ಸರಾಸರಿಯನ್ನು ಅಕ್ಕಪಕ್ಕ ಪ್ರಕಟಿಸಲಿ. ಒಳಗೆ 50ಕ್ಕೆ 47, ಹೊರಗೆ 50ಕ್ಕೆ 19 ಎಂದಿದ್ದರೆ ಜನ ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ನಾಲ್ಕು: ಮಾನ್ಯತೆ ಎಂದು ಬೋರ್ಡು ಬರೆಸುವವರು ಯಾವ ಬ್ರಾಂಚಿಗೆ, ಯಾವ ಶ್ರೇಣಿಯಲ್ಲಿ, ಯಾವ ದಿನಾಂಕದವರೆಗೆ ಎಂಬುದನ್ನೂ ಅಷ್ಟೇ ದಪ್ಪಕ್ಷರದಲ್ಲಿ ಬರೆಸಬೇಕೆಂದು ಎ.ಐ.ಸಿ.ಟಿ.ಇ. ಕಡ್ಡಾಯ ಮಾಡಲಿ. ಔಷಧದ ಚೀಟಿಯ ಮೇಲೆ ಕೊನೆಯ ದಿನಾಂಕ ಇರಬೇಕಾದರೆ ಇದಕ್ಕೇಕೆ ಬೇಡ?

ಅಲ್ಲಿಯವರೆಗೆ ತಂದೆತಾಯಂದಿರು ಕಾಲೇಜಿನ ಕೌಂಟರಿನಲ್ಲಿ ಸಂಕೋಚಪಡದೆ ಮೂರು ಮಾತು ಕೇಳಲಿ. ಈ ಬ್ರಾಂಚಿಗೆ ಎನ್.ಬಿ.ಎ. ಇದೆಯೇ, ಎಲ್ಲಿಯವರೆಗೆ? ಮೊದಲನೇ ಶ್ರೇಣಿಯೋ ಎರಡನೆಯದೋ? ಕಳೆದ ವರ್ಷದ ಪ್ರಶ್ನೆಪತ್ರಿಕೆ ತೋರಿಸುವಿರಾ? ಮೊದಲೆರಡಕ್ಕೆ ಉತ್ತರ ಎನ್.ಬಿ.ಎ.ಯ ಪಟ್ಟಿಯಲ್ಲೂ ಸಿಗುತ್ತದೆ. ಮೂರನೆಯದಕ್ಕೆ "ಅದೆಲ್ಲ ಯಾಕೆ ಯಜಮಾನ್ರೇ, ಪ್ಲೇಸ್‌ಮೆಂಟ್ ನೋಡಿ" ಎಂಬ ಉತ್ತರ ಬಂದರೆ ಇನ್ನೊಂದು ಕಾಲೇಜು ನೋಡುವುದು ಕ್ಷೇಮ.

ಅರ್ಧ ಕಿಲೋ ಬೇಳೆಯಲ್ಲಿ ಹತ್ತು ಗ್ರಾಂ ಕಡಿಮೆ ಬಂದರೆ ಗಿರಾಕಿ ಅಂಗಡಿಯ ಮುಂದೆ ನಿಂತು ಜಗಳ ಕಾಯುತ್ತಾನೆ, ಇಲಾಖೆ ದಂಡ ಹಾಕುತ್ತದೆ. ನಾಲ್ಕು ವರ್ಷದ ಓದಿನಲ್ಲಿ ಎಷ್ಟು ಕಡಿಮೆ ಬಂತೆಂದು ತೂಗಿ ನೋಡಲು ಇಂದು ಯಾರ ಬಳಿಯೂ ಕಲ್ಲಿಲ್ಲ. ಅದನ್ನು ಒದಗಿಸುವ ಹೊಣೆ ಬೆಳಗಾವಿಯ ವಿಶ್ವವಿದ್ಯಾಲಯದ್ದು ಮತ್ತು ದೆಹಲಿಯ ಮಂಡಳಿಗಳದ್ದು. ಮುಂದಿನ ಸಿ.ಇ.ಟಿ. ಹಂಗಾಮು ಬರುವ ಮೊದಲು ಅವರು ಈ ಕೆಲಸಕ್ಕೆ ಕೈ ಹಾಕಲಿ.